ಅಣ್ಣನ ಗರಗಸ

"ಮೊದಲು ಪ್ಲಗ್ಗಿನ ಟೊಪ್ಪಿ ಕೀಳಿ, ಅತ್ತಿಗೆ. ಕಪ್ಪು ರಬ್ಬರಿಂದು."

ಮೈದುನನ ದನಿ ಉರುಳಿದ ಮರದಡಿಯಿಂದ ಬರುತ್ತಿತ್ತು. ಸೊಂಟದ ಮೇಲೆ ಅಡ್ಡಬಿದ್ದ ಕಾಂಡ ಅವನನ್ನು ಕೆಸರಿಗೆ ಅದುಮಿ ಹಿಡಿದಿತ್ತು. ಹಾರೆ ಹಾಕಿ ಮೀಟಿ ನೋಡಿಯಾಗಿತ್ತು, ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಅವಳು ಎಷ್ಟು ಕೂಗಿದರೂ ಯಾರೂ ಬಂದಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ರಸ್ತೆಗೆ ಓಡುತ್ತೇನೆ ಎಂದರೆ, "ಬಿಟ್ಟು ಹೋಗ್ಬೇಡಿ" ಅಂದಿದ್ದ.

ಮರ ಅರ್ಧ ಕೊಯ್ದಾಗ ಪೆಟ್ರೋಲ್ ಗರಗಸ ಬಿಕ್ಕಳಿಸಿ ನಿಂತುಬಿಟ್ಟಿತ್ತು. ಅವನು ಅದನ್ನು ಹೊರಗೆಳೆದು, ಅಲ್ಲೇ ಬುಡದಲ್ಲಿ ಬಗ್ಗಿ ಅದರ ಸ್ಟಾರ್ಟರ್ ಹಗ್ಗ ಜಗ್ಗುತ್ತಿದ್ದ. ಗಾಳಿ ಬೀಸಿತು. ಚಟ್ ಅಂದದ್ದಷ್ಟೇ ಅವಳಿಗೆ ಕೇಳಿಸಿದ್ದು.

ಅದು ಅವಳ ಗಂಡನ ಗರಗಸ. ಅವನು ತೀರಿಕೊಂಡ ಮೇಲೆ ಮೈದುನ ಮರ ಕೊಯ್ಯುವ ಈ ಕೆಲಸ ಹಿಡಿದ. ಕೊಂಬೆ ಎಳೆಯಲು ಅವಳೂ ಜೊತೆಗೆ ಬರತೊಡಗಿದಳು. ಹೊಸದು ತಗೋ ಎಂದು ಎಷ್ಟು ಬಡಕೊಂಡರೂ, "ಅಣ್ಣನ ಕೈಯಲ್ಲಿ ಪಳಗಿದ್ದು, ಇರಲಿ" ಅನ್ನುತ್ತಿದ್ದ.

ಪಾನಾ ಹಾಕಿ ಪ್ಲಗ್ ಬಿಚ್ಚಿದಳು. ತುದಿ ತೊಯ್ದಿತ್ತು.

"ಒದ್ದೆಯಾ? ಹಂಗಾದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಬರ್ತಿಲ್ಲ. ಒರೆಸಿ, ಟೊಪ್ಪಿ ಹಾಕಿ, ಪ್ಲಗ್ಗನ್ನ ಇಂಜಿನ್ನಿಗೆ ತಾಗಿಸಿ ಹಗ್ಗ ಎಳೀರಿ. ತೂತಿಂದ ದೂರ ಇರ್ಲಿ."

ಎಳೆದಳು. ಏನೂ ಇಲ್ಲ. ಚೀಲದಲ್ಲಿದ್ದ ಹೊಸ ಪ್ಲಗ್ ಇಟ್ಟು ಎಳೆದಳು. ಅದೂ ಹಾಗೇ.

"ಬರ್ತಿಲ್ಲ ಕಣೋ."

"ನಿಮ್ಮ ಒಲೆ ಲೈಟರ್ ಥರಾನೇ ಆಯ್ತು ಬಿಡಿ, ಎಷ್ಟು ಒತ್ತಿದ್ರೂ ಕಿಡಿ ಇಲ್ಲ," ಎಂದು ನಗಲು ಹೋದ. ನಗು ಕೆಮ್ಮಾಯಿತು. ತುಟಿ ಬಿಳಿಚಿಕೊಂಡಿತ್ತು. ಅವಳು ಮದುವೆಯಾಗಿ ಆ ಮನೆಗೆ ಬಂದಾಗ, ಇವನು ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಅವಳ ಮುಂದೆ ಬಂದು ನಿಲ್ಲುತ್ತಿದ್ದ.

"ಮುಚ್ಚಳ ತೆಗೀರಿ. ಸ್ವಿಚ್ಚಿಂದ ಒಂದು ಸಣ್ಣ ವೈರು ಒಳಗೆ ಹೋಗುತ್ತೆ. ಸುಲಿದಿದೆಯಾ ನೋಡಿ."

ಸುಲಿದಿತ್ತು. ತಾಮ್ರದ ಎಳೆ ಇಂಜಿನ್ನಿಗೆ ಒರಗಿಕೊಂಡಿದೆ ಅಂದಳು.

"ಅದೇ ಕಿಡಿ ಕದಿಯೋ ಕಳ್ಳ. ಕಿತ್ತುಬಿಡಿ. ಆಮೇಲೆ ಸ್ವಿಚ್ಚು ಕೇಳಲ್ಲ, ಚೋಕ್ ಎಳೆದೇ ನಿಲ್ಲಿಸ್ಬೇಕು." ಅವನು ಉಸಿರು ಎಳೆದುಕೊಂಡ. "ಅತ್ತಿಗೆ... ನನ್ನಿಂದ ಒಂದು ಮೊಳ ಆಚೆ ಕೊಯ್ರಿ."

ವೈರು ಕಿತ್ತಳು. ಹಗ್ಗ ಎಳೆದಳು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಪಟ ಹಾರಿತು.

"ಬಂತು! ನೋಡೋ, ಬಂತು!"

ಹ್ಞೂಂ ಅಂದ. ಅಥವಾ ಅಂದಂತೆ ಅವಳಿಗೆ ಕೇಳಿಸಿತು.

ಎಲ್ಲ ಜೋಡಿಸಿ ಹಗ್ಗ ಜಗ್ಗಿದಾಗ ಗರಗಸ ಹೊಗೆ ಕಾರಿ ಅಬ್ಬರಿಸಿತು. ಆ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಅವನು ಹೇಳಿದಂತೆಯೇ ಒಂದು ಮೊಳ ಆಚೆ, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಕೊಯ್ದಳು. ಕಣ್ಣು ಅವನತ್ತ ಹೊರಳಿಸಲಿಲ್ಲ. ಹೊರಳಿಸಿದರೆ ಕೈ ತಪ್ಪೀತೆಂದು ಹೆದರಿದ್ದಳು. ಚೋಕ್ ಎಳೆದು ಗರಗಸ ನಿಲ್ಲಿಸಿ, ತುಂಡಿಗೆ ಹಾರೆ ಕೊಟ್ಟು ಮೈಭಾರವನ್ನೆಲ್ಲ ಹಾಕಿದಳು. ತುಂಡು ಉರುಳಿ ಆಚೆ ಬಿತ್ತು.

"ತೆಗೆದೆ," ಅಂದಳು. "ತೆಗೆದೆ ಕಣೋ, ಏಳು."

ಮರದ ಹಳದಿ ಹೊಟ್ಟು ಅವನ ಹುಬ್ಬಿನ ಮೇಲೆ, ತೆರೆದೇ ಇದ್ದ ಕಣ್ಣುಗಳ ಒಳಗೆ ಕೂತಿತ್ತು. ಅವಳು ಪಕ್ಕದಲ್ಲಿ ಕುಕ್ಕರಿಸಿದಳು. ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಕಣ್ಣಿಗೆ ನೋವಾಗದಂತೆ ಒಂದೊಂದೇ ಚೂರನ್ನು ಎತ್ತತೊಡಗಿದಳು.