ಲಗಾಮಿಲ್ಲದ ಇಲಿಗಳು

"ಇದನ್ನ ಕಳಿಸಬೇಡಿ ಸರ್," ಎಂದಳು ಇಲಿಯಮ್ಮ. ಇಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಅದು.

ಪ್ರೊಫೆಸರರ ಬೆರಳು ಕಂಪ್ಯೂಟರಿನ ಗುಂಡಿಯ ಮೇಲೆ ಹಾಗೇ ನಿಂತಿತು. ಪ್ರಬಂಧ ಸಿದ್ಧವಾಗಿತ್ತು, ಬರೆದವರ ಸಾಲಿನಲ್ಲಿ ಮೊದಲ ಹೆಸರೇ ಅವಳದು. ಅದು ಅಚ್ಚಾದರೆ ಡಾಕ್ಟರೇಟು ಅವಳ ಕೈ ಸೇರಿದಂತೆಯೇ. ಇಂಥ ಹೊತ್ತಿನಲ್ಲಿ ಅಡ್ಡಗಾಲು ಹಾಕುವ ಹೊಟ್ಟೆಕಿಚ್ಚಿನವರನ್ನು ಅವರು ಬೇಕಾದಷ್ಟು ನೋಡಿದ್ದರು. ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುವವಳನ್ನು ಮಾತ್ರ ಇದೇ ಮೊದಲು ಕಂಡದ್ದು.

"ಯಾಕಮ್ಮ, ಏನಾಯ್ತು ಈಗ?"

"ಎಡಗಡೆ ಗೂಡು, ಬಲಗಡೆ ಗೂಡು. ಅದೇ ತೊಂದರೆ."

ವಿಷಯ ಇಷ್ಟು. ರೋಗಾಣುಗಳನ್ನು ತಡೆಯಲು ಕರುಳಿನಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಆ ತಯಾರಿ ಅತಿಯಾಗದಂತೆ ಹಿಡಿದಿಡುವುದು ಒಂದು ಪ್ರೋಟೀನು ಎಂಬುದು ಪ್ರೊಫೆಸರರ ವಾದ. ಅದರ ಹೆಸರು ಒಂದೇ ಉಸಿರಿಗೆ ಮುಗಿಯದಷ್ಟು ಉದ್ದ, ಹಾಗಾಗಿ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಲಗಾಮು ಎನ್ನುತ್ತಿದ್ದರು. ಹುಟ್ಟಿನಿಂದಲೇ ಲಗಾಮಿಲ್ಲದ ಇಲಿಗಳ ಹಿಕ್ಕೆಯಲ್ಲಿ ಪ್ರತಿಕಾಯ ಧಾರಾಳವಾಗಿ ಸಿಕ್ಕಿತ್ತು, ಸಾಧಾರಣ ಇಲಿಗಳದ್ದರಲ್ಲಿ ಕಡಿಮೆ. ಪ್ರೊಫೆಸರರು ಮಹಾ ಅಚ್ಚುಕಟ್ಟಿನ ಮನುಷ್ಯ. ಲಗಾಮಿಲ್ಲದವು ಎಡಗೋಡೆಗೆ, ಸಾಧಾರಣವಾದವು ಬಲಗೋಡೆಗೆ. ಅಪ್ಪಿತಪ್ಪಿಯೂ ಒಂದು ಇನ್ನೊಂದರ ಗೂಡು ಸೇರುವ ಹಾಗಿಲ್ಲ. ಆ ಅಚ್ಚುಕಟ್ಟೇ ಎಡವಟ್ಟಾಗಿತ್ತು.

ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ. ನಮಗೆ ಅಸಹ್ಯ, ಅವುಗಳಿಗೆ ಸಂಸಾರ. ಹೀಗಾಗಿ ಒಂದರ ಹೊಟ್ಟೆಯ ಸೂಕ್ಷ್ಮಜೀವಿಗಳು ಗೂಡಿನ ಎಲ್ಲದರ ಹೊಟ್ಟೆಗೂ ಸೇರುತ್ತವೆ. ಎಡಗೋಡೆಯ ಗೂಡುಗಳಲ್ಲಿ ಬೇರೆಯೇ ಜೀವಿಗಳು ಮನೆ ಮಾಡಿಕೊಂಡಿದ್ದರೆ, ಪ್ರತಿಕಾಯ ಹೆಚ್ಚಿದ್ದು ಅವುಗಳಿಂದಲೋ, ಲಗಾಮಿಲ್ಲದ್ದರಿಂದಲೋ? ಅಷ್ಟೂ ಜನ ಓದಿದವರಿಗೆ ಇದು ಹೊಳೆದಿರಲಿಲ್ಲ, ಇಲಿಯಮ್ಮನೂ ಸೇರಿ. ಹೊಳೆದ ಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಎರಡೂ ಕಡೆ ಹೆಣ್ಣಿಲಿಗಳನ್ನ ಒಂದೇ ಗೂಡಿಗೆ ಹಾಕ್ತೀನಿ ಸರ್. ಒಟ್ಟಿಗೆ ಇದ್ದ ಮೇಲೂ ವ್ಯತ್ಯಾಸ ಉಳಿದ್ರೆ ನಾನೇ ಕಳಿಸ್ತೀನಿ."

"ಬೆರೆಸಿದ ಮೇಲೆ ಬೇರೆ ಮಾಡೋಕಾಗತ್ತಾ? ಕರುಳು ತೊಳೆದು ಮೊದಲಿನ ಹಾಗೆ ಇಡ್ತೀಯಾ? ಬೇಡ. ನನ್ನ ಮಾತು ಕೇಳು."

"ಕೇಳಿದೆ ಸರ್," ಎಂದು ಅವಳು ಎದ್ದು ಬಂದಳು. ಪಾಲಿಸುತ್ತೇನೆ ಎಂದೇನೂ ಹೇಳಲಿಲ್ಲ.

ಸಂಜೆ ಅಕ್ಕನಿಗೆ ಹೇಳಿದಳು. ಅಕ್ಕ ಬಸ್ ಡ್ರೈವರು; ದಿನವಿಡೀ ಹಾರ್ನಿನ ಗದ್ದಲದಲ್ಲಿ ಕೂತು ಬಂದವಳಿಗೆ ಮನೆಯಲ್ಲೂ ದನಿ ತಗ್ಗುತ್ತಿರಲಿಲ್ಲ.

"ಇಲಿ ಹಿಕ್ಕೆ ನೋಡೋಕೆ ಇಷ್ಟು ವರ್ಷ ಓದಬೇಕಿತ್ತೇನೇ? ಈಗ ನೋಡಿದ್ರೆ ಅದೂ ಸರಿ ಇಲ್ಲ ಅಂತೀಯ. ಸುಮ್ನೆ ಡಿಗ್ರಿ ತಗೊಂಡು ಬಾ."

"ಸುಳ್ಳಿಗೆ ನನ್ನ ಹೆಸರು ಬೇಡ ಅಕ್ಕ."

"ಸುಳ್ಳು ಅಂತ ಯಾರು ಹೇಳಿದ್ರು? ಒಂದೇ ಮನೇಲಿ ಬೆಳೆದ್ರೂ ನಾನು ಒಂಥರ, ನೀನು ಒಂಥರ ಇಲ್ವಾ? ಇಲಿಗಳೂ ಹಾಗೇ ಇರಬಹುದು."

"ಅದೇ ನನ್ನ ಪ್ರಶ್ನೆ. ಒಂದೇ ಮನೇಲಿ ಬೆಳೆದ ಮೇಲೂ ಬೇರೆ ಇದ್ರೆ ತಾನೇ ಅದು ಹುಟ್ಟಿನಿಂದ ಬಂದದ್ದು? ಇವನ್ನ ನಾವು ಬೇರೆ ಬೇರೆ ಮನೇಲಿ ಸಾಕಿದೀವಿ."

ಅಕ್ಕ ಕಾಲಿನ ಬೂಟು ಬಿಚ್ಚುವುದನ್ನು ನಿಲ್ಲಿಸಿ ತಂಗಿಯನ್ನು ನೋಡಿದಳು. "ಚಿಕ್ಕವಳಿದ್ದಾಗಲೂ ನಿಂದು ಇದೇ ಗೋಳು," ಎಂದವಳು ಮತ್ತೆ ಆ ಮಾತೆತ್ತಲಿಲ್ಲ.

ಮಾರನೆಯ ದಿನ ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರೇ, ಇಲಿಯಮ್ಮ ಗವಸು ತೊಟ್ಟು ಎಡಗೋಡೆಯ ಹೆಣ್ಣಿಲಿಗಳನ್ನು ಬಾಲದ ಬುಡ ಹಿಡಿದೆತ್ತಿ ಬಲಗೋಡೆಯವುಗಳ ಜೊತೆ ಬಿಟ್ಟಳು. ಗಂಡುಗಳನ್ನು ಮುಟ್ಟಲಿಲ್ಲ, ಅವು ಕಚ್ಚಾಡಿ ಸಾಯುತ್ತವೆ. ಪ್ರೊಫೆಸರರು ಬಾಗಿಲಿಗೆ ಬಂದು ನಿಂತರು.

"ಯಾರನ್ನ ಕೇಳಿ ಮಾಡ್ತಿದೀಯ?"

"ಯಾರನ್ನೂ ಕೇಳಿಲ್ಲ. ನಿಮಗೆ ಹೇಳಿದ್ದೆ."

ಆಮೇಲೆ ವಾರಗಟ್ಟಲೆ ಅವರು ಅವಳೊಡನೆ ಮಾತು ಬಿಟ್ಟರು. ಅವಳ ಒಪ್ಪಿಗೆಯಿಲ್ಲದೆ ಪ್ರಬಂಧ ಹೋಗುವಂತಿರಲಿಲ್ಲ, ಅವಳೋ ಜಪ್ಪಯ್ಯ ಅಂದರೂ ಒಪ್ಪುವವಳಲ್ಲ. ಹಿಂದೆಲ್ಲ ಚಹಾಕ್ಕೆ ಕರೆಯುತ್ತಿದ್ದ ಪ್ರಯೋಗಾಲಯದ ಗೆಳೆಯರು ಅವಳನ್ನು ಕಂಡರೆ ಫೋನು ನೋಡತೊಡಗಿದರು.

ಪರೀಕ್ಷೆಯ ದಿನ ಪ್ರೊಫೆಸರರು ಕರೆಯದೆಯೇ ಬಂದರು. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ಹಿಕ್ಕೆ ಕದಡಿದ ನೀರು. ಪ್ರತಿಕಾಯ ಹೆಚ್ಚಿದ್ದಷ್ಟೂ ಹಳದಿ ಗಾಢ. ಬಣ್ಣ ಬರಿಸುವ ಕೊನೆಯ ಹನಿ ಹಾಕಿ ಅವಳು ಕಾದಳು. ಎಷ್ಟೆಂದರೂ ಅವಳ ಆಯಸ್ಸಿನ ಒಂದು ಪಾಲು ಆ ತಟ್ಟೆಯಲ್ಲಿತ್ತು. ಸಾಧಾರಣ ಇಲಿಗಳ ಸಾಲು ತೆಳುವಾಗಿಯೇ ಉಳಿಯಲಿ ಎಂದು ಒಳಗೊಳಗೇ ಬೇಡಿಕೊಂಡಳು.

ಎರಡು ಸಾಲೂ ಒಂದೇ ಸಮ ಹಳದಿಯಾದವು. ಲಗಾಮಿದ್ದ ಇಲಿಗಳೂ ಲಗಾಮಿಲ್ಲದವುಗಳಷ್ಟೇ.

ಪ್ರೊಫೆಸರರು ತಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿದರು, ತಿರುಗಿಸಿ ಮತ್ತೊಮ್ಮೆ ನೋಡಿದರು. ಇಲಿಯಮ್ಮನಿಗೆ ಅಳು ಬಂತು. ಮರೆಮಾಡದೆ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಹಳೇ ಅಂಕಿಗಳೇನೂ ನಾವು ಕಟ್ಟಿದ್ದಲ್ಲ," ಅವರ ದನಿ ಮೆತ್ತಗಾಗಿತ್ತು. "ಅಷ್ಟನ್ನೇ ಕಳಿಸೋಣ. ನಿನ್ನ ಡಾಕ್ಟರೇಟು ನಿನಗೆ ಸಿಗತ್ತೆ. ಇಲ್ಲಾಂದ್ರೆ ಈ ಗೂಡುಗಳನ್ನೆಲ್ಲ ಬೇರೆಯವರಿಗೆ ಕೊಡಬೇಕಾಗತ್ತೆ. ಯೋಚನೆ ಮಾಡು."

"ಕೊಡಿ ಸರ್. ನನಗೊಂದು ಗೂಡು ಬಿಡಿ."

"ಒಂದು ಗೂಡಲ್ಲಿ ಏನು ಕಡಿದು ಕಟ್ಟೆ ಹಾಕ್ತೀಯ?"

"ಲಗಾಮು ಏನೂ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಅದನ್ನ ನಾವು ಸರಿಯಾಗಿ ಕೇಳೇ ಇಲ್ಲ. ಒಂದೇ ಬಸಿರಲ್ಲಿ ಹುಟ್ಟಿ ಒಂದೇ ಗೂಡಲ್ಲಿ ಬೆಳೆದವನ್ನ ನೋಡ್ತೀನಿ."

"ಎಷ್ಟು ಕಾಲ ಹಿಡಿಯತ್ತೆ ಗೊತ್ತಾ ನಿನಗೆ?"

"ಗೊತ್ತು. ಮೊದಲು ಮಾಡಬೇಕಿದ್ದ ಕೆಲಸ ಅದೇ ಅಂತಾನೂ ಗೊತ್ತು. ನಿಮಗೂ ಗೊತ್ತು."

ಪ್ರೊಫೆಸರರು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಇಲಿಯಮ್ಮ ತೊಳೆದ ಗೂಡೊಂದನ್ನು ಇಳಿಸಿಕೊಂಡಳು. ಮರದ ಹೊಟ್ಟು ಹರಡಿ, ಹಿಡಿಯಷ್ಟು ಹತ್ತಿ ಇಟ್ಟಳು. ಲಗಾಮಿಲ್ಲದ ಒಂದು ಗಂಡು, ಸಾಧಾರಣವಾದ ಒಂದು ಹೆಣ್ಣು. ಇವುಗಳ ಮಕ್ಕಳಿಂದ ಏನೂ ತಿಳಿಯುವುದಿಲ್ಲ, ಅವೆಲ್ಲಕ್ಕೂ ತಾಯಿಯ ಕಡೆಯಿಂದ ಲಗಾಮು ಬಂದೇ ಇರುತ್ತದೆ. ಲಗಾಮಿದ್ದವೂ ಇಲ್ಲದವೂ ಅಣ್ಣತಮ್ಮಂದಿರಾಗಿ ಹುಟ್ಟುವುದು ಮೊಮ್ಮಕ್ಕಳ ಕಾಲಕ್ಕೆ. ಗಂಡು ಮೂಲೆಯಲ್ಲಿ ಮೀಸೆ ತೀಡಿಕೊಳ್ಳುತ್ತ ಕೂತಿತು. ಹೆಣ್ಣು ಅದರ ಕಡೆ ನೋಡಲೂ ಇಲ್ಲ. ಹತ್ತಿಯ ಉಂಡೆಯನ್ನು ಹಲ್ಲಿನಿಂದ ಕಚ್ಚಿ, ತನ್ನ ಮೈಗಿಂತ ದೊಡ್ಡದನ್ನು ಇನ್ನೊಂದು ಮೂಲೆಗೆ ಎಳೆಯತೊಡಗಿತು.