ಆಗಸ್ಟ್‌ನಲ್ಲಿ ಹೂತ ಪೀಪಾಯಿಗಳು

ಮೂವತ್ತೆಂಟು ವರ್ಷದ ಹಿಂದೆ, ಆಗಸ್ಟ್ ತಿಂಗಳ ಮೊದಲ ದಿನ, ನಮ್ಮ ಮಾವ ಫೆಲಿಸಿಯಾನೊ ಭೂತಾಯಿಗೆ ಒಂದು ಮಾತು ಕೊಟ್ಟಿದ್ದರು: ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದಿಲ್ಲ.

ಕೊಟ್ಟದ್ದು ನಾಲ್ಕು ಪೀಪಾಯಿ ವಿಷ. ಆಲೂಗಡ್ಡೆಗೆ ಬೀಳುವ ಹುಳಕ್ಕೆಂದು ಊರಿನ ಸಹಕಾರ ಸಂಘ ತರಿಸಿದ್ದ ಬಿಳಿ ಪುಡಿ. ಸರ್ಕಾರ ಆ ಪುಡಿಯನ್ನು ನಿಷೇಧಿಸಿತು, ಸಂಘ ಬಾಗಿಲು ಹಾಕಿತು, ಪೀಪಾಯಿಗಳನ್ನು ಒಯ್ಯಲು ಯಾರೂ ಬರಲಿಲ್ಲ. ಗೋದಾಮಿನ ಹೊಸ್ತಿಲಲ್ಲಿ ಚೆಲ್ಲಿದ್ದನ್ನು ನೆಕ್ಕಿ ಏಳು ಕುರಿ ಸತ್ತ ಮೇಲೆ ಮಾವ ಮತ್ತು ಅವರ ಇಬ್ಬರು ಗೆಳೆಯರು ಅವನ್ನು ಗುಡ್ಡಕ್ಕೆ ಹೊತ್ತೊಯ್ದು ಹೂತರು. ಆಗಸ್ಟ್‌ನಲ್ಲಿ ಭೂತಾಯಿ ಹಸಿದು ಬಾಯಿ ತೆರೆದಿರುತ್ತಾಳೆ ಎಂಬುದು ನಮ್ಮವರ ನಂಬಿಕೆ. ನಾವೆಲ್ಲ ಆ ತಿಂಗಳು ಗುಂಡಿ ತೋಡಿ ಅವಳಿಗೆ ಕೋಕಾ ಎಲೆ, ಮೆಕ್ಕೆಜೋಳ, ಹೊರೆ ಹೊರುವ ಲಾಮಾ ಪ್ರಾಣಿಯ ಕೊಬ್ಬು ಉಣಿಸುತ್ತೇವೆ. ಹಸಿದವಳು ಏನನ್ನು ಕೊಟ್ಟರೂ ಅರಗಿಸಿಕೊಳ್ಳುತ್ತಾಳೆ ಎಂದು ಆ ಮೂವರೂ ನಂಬಿದರು. ಪೀಪಾಯಿಗಳ ಮೇಲೂ ಎಲೆ ಇಟ್ಟು, ಸಾರಾಯಿ ಚಿಮುಕಿಸಿ, ಮಾತು ಕೊಟ್ಟು ಮಣ್ಣು ಮುಚ್ಚಿದರು. ಜಾಗ ಯಾವುದೆಂದು ಯಾರಿಗೂ ಹೇಳಲಿಲ್ಲ. ಗೆಳೆಯರಿಬ್ಬರೂ ತೀರಿಕೊಂಡರು. ಉಳಿದವರು ಮಾವ ಒಬ್ಬರೇ.

ಊರಿನ ನೀರಿನ ಸಮಿತಿಗೆ ನಾನು ಅಧ್ಯಕ್ಷೆಯಾದ ಎರಡನೆಯ ವರ್ಷ ಗುಡ್ಡದ ಬುಡದಿಂದ ನಮ್ಮ ನಲ್ಲಿಗಳಿಗೆ ಬರುವ ಒರತೆಯ ನೀರಿನಲ್ಲಿ ಆ ಪುಡಿ ಸಿಕ್ಕಿತು. ಕುಡಿಯಬಾರದ ಮಟ್ಟಕ್ಕೆ ಇನ್ನೂ ಮುಟ್ಟಿಲ್ಲ ಎಂದು ಪ್ರಯೋಗಾಲಯದವರು ಬರೆದಿದ್ದರು. ಆ 'ಇನ್ನೂ' ನನ್ನ ಎದೆಯಲ್ಲಿ ಕೂತುಬಿಟ್ಟಿತು. ನನ್ನ ಮಗಳು ಯೆಸಿಕಾ ಹುಟ್ಟಿದಾಗಿನಿಂದ ಕುಡಿದಿರುವುದು ಅದೇ ನೀರು. ಒಂದು ವರ್ಷ ಅರ್ಜಿ ಬರೆದೆ. ಕೊನೆಗೆ ರಾಜಧಾನಿ ಲಿಮಾದಿಂದ ವಿಷದ ಕಸ ಒಯ್ಯುವ ಲಾರಿ ಬಂತು. ಬಂದದ್ದು ಆಗಸ್ಟ್ ಮೊದಲ ವಾರ, ನಮ್ಮಲ್ಲಿ ಯಾರೂ ಉಳುಮೆಗೆ ನೆಲ ಕೆದಕದ ದಿನಗಳಲ್ಲಿ.

ಅಂದು ಬೆಳಿಗ್ಗೆ ಮಾವ ಒಲೆಯ ಪಕ್ಕ ಕೂತು ಬೇಯಿಸಿದ ಆಲೂಗಡ್ಡೆ ಸುಲಿಯುತ್ತಿದ್ದರು.

"ಮಾವ, ಲಾರಿ ಬಂದಿದೆ. ಜಾಗ ತೋರಿಸಿ."

"ಆಗಸ್ಟ್ ಕಣಮ್ಮ. ಈಗ ಗುದ್ದಲಿ ಹಾಕಿದ್ರೆ ತಾಯಿ ಬಾಯಿಗೇ ಹೊಡೆದಂಗೆ."

"ಲಾರಿಯವ್ರಿಗೆ ಆಗಸ್ಟ್ ಗೀಗಸ್ಟ್ ಗೊತ್ತಿಲ್ಲ. ಸಂಜೆ ನಾಲ್ಕಕ್ಕೆ ಹೊರಡ್ತಾರೆ. ಮತ್ತೆ ಯಾವ ಕಾಲಕ್ಕೋ."

"ಅಧ್ಯಕ್ಷೆ ಆದ್ಮೇಲೆ ನಿನ್ನ ಬಾಯಿ ನೋಡು! ಅದಕ್ಕೆ ಆಗಸ್ಟೇ ಬೇಡ, ವರ್ಷವಿಡೀ ತೆರೆದೇ ಇರ್ತದೆ."

ನಾನು ನಗಲಿಲ್ಲ. ಅವರು ಆಲೂಗಡ್ಡೆ ಕೆಳಗಿಟ್ಟರು.

"ನೋಡು ಸಾತುರ್ನಿನಾ, ಕೊಟ್ಟಿದ್ದನ್ನ ಕಿತ್ಕೊಂಡ್ರೆ ಅವಳು ಬದಲಿ ಕೇಳ್ತಾಳೆ. ನನ್ನಂಥ ಒಣಗಿದ್ದು ಅವಳಿಗ್ಯಾಕೆ? ಎಳೇದನ್ನ ಕೇಳ್ತಾಳೆ."

ಅವರ ಕಣ್ಣು ಅಂಗಳಕ್ಕೆ ಹೋಯಿತು. ಯೆಸಿಕಾ ಶಾಲೆಗೆ ಹೊರಟಿದ್ದಳು, ನಲ್ಲಿಗೆ ಬಾಟಲಿ ಹಿಡಿದು ನಿಂತಿದ್ದಳು. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ನಾನೂ ಇದೇ ಮಣ್ಣಿನವಳು, ನನ್ನ ತಾಯಿಯೂ ಇದನ್ನೇ ಹೇಳಿ ಬೆಳೆಸಿದವಳು.

"ಮಾವ, ನೀವು ಭೂತಾಯಿಗೆ ತಿನ್ನಿಸಿದ್ದನ್ನೇ ಆ ಮಗು ಬಾಟ್ಲಿಗೆ ತುಂಬಿಸ್ಕೋತಿದೆ. ಬದಲಿ ಆಗ್ಲೇ ತಗೋತಿದ್ದಾಳಲ್ಲ, ಇನ್ನೇನು ಕೇಳ್ತಾಳೆ?"

ಮಾವ ಎದ್ದು ಟೋಪಿ ಹುಡುಕಿದರು.

ಗುಡ್ಡದಲ್ಲಿ ಅವರು ಆಚೀಚೆ ನೋಡದೆ ನಡೆದು ಎರಡು ಬಂಡೆಗಳ ನಡುವೆ ನಿಂತರು. "ಇಲ್ಲಿ." ಹಾಗೆ ಹೇಳಿ ಸೊಂಟದ ಚೀಲದಿಂದ ಜಗಿದು ಬೇಡಿಕೊಳ್ಳುವ ಕೋಕಾ ಎಲೆ ತೆಗೆದರು. ಲಾರಿಯ ಜೊತೆ ಬಂದಿದ್ದ ಇಂಜಿನಿಯರ್ ನೊರ್ಮಾ ತಕ್ಷಣ ಕೈ ಅಡ್ಡ ಹಿಡಿದಳು.

"ಅಜ್ಜ, ಇಲ್ಲಿ ಬಾಯಿಗೆ ಏನೂ ಹಾಕ್ಬಾರ್ದು. ಈ ವಿಷ ಕೈಯಿಂದ್ಲೇ ಬಾಯಿಗೆ ಹೋಗೋದು."

"ಭೂತಾಯೀನ ಕೇಳ್ದೆ ತೆಗೆದ್ರೆ ಕಳ್ಳತನ ಆಗ್ತದೆ ತಾಯಿ."

ಅವಳು ಗಡಿಯಾರ ನೋಡಿದಳು. ಹನ್ನೊಂದು. ಬಿಳಿ ಉಡುಪಿನ ಅವಳ ನಾಲ್ವರು ಕೆಲಸಗಾರರು ನೆಲ ನೋಡುತ್ತ ನಿಂತಿದ್ದರು, ಯಾರೂ ಸಲಿಕೆಗೆ ಕೈ ಹಾಕಲಿಲ್ಲ. ನೊರ್ಮಾ ಒಂದು ಚಿಟಿಕೆ ಒಣಹುಲ್ಲು ತೂರಿ ಗಾಳಿ ನೋಡಿದಳು.

"ಆ ಬಂಡೆ ಆಚೆ, ಗಾಳಿ ಬರೋ ಕಡೆ ಕೂತು ಕೇಳ್ಕೊಳ್ಳಿ. ಆಮೇಲೆ ಕೈ ಬಾಯಿ ತೊಳೀಬೇಕು. ಅರ್ಧ ಗಂಟೆ ಕೊಡ್ತೀನಿ."

"ನೀನೂ ಬಾ. ತಗೊಂಡು ಹೋಗೋಳು ನೀನಲ್ವಾ?"

ಅವಳು ಬಂದಳು. ಮಾವ ಹರಿಯದ ಮೂರು ಎಲೆ ಆರಿಸಿ ಅವಳ ಬೆರಳಿಗೆ ಕೊಟ್ಟರು, ಎಲೆಗಳ ಮೇಲೆ ಉಸಿರು ಊದಿ ಹೇಗೆ ಬೇಡಿಕೊಳ್ಳಬೇಕೆಂದು ತೋರಿಸಿದರು. ಆಮೇಲೆ ನೆಲಕ್ಕೆ ಬಾಗಿದರು. "ತಿಳೀದೆ ತಿನ್ನಿಸಿದ್ವಿ ತಾಯಿ. ಬದಲಿ ಬೇಕಿದ್ರೆ ನನ್ನನ್ನೇ ತಗೋ. ಒಣಗಿದ್ರೂ ತಗೋ."

ಮೊದಲ ಏಟು ಯಾರದ್ದೋ, ನೆಲ ಕೆದಕಿದ ಪಾಪವೂ ಅವರದ್ದು. ಅದಕ್ಕೆ ಗುದ್ದಲಿಯನ್ನು ಮಾವ ಬೇರೆಯವರಿಗೆ ಬಿಡಲಿಲ್ಲ. ನೊರ್ಮಾ ಅವರಿಗೂ ಬಿಳಿ ಉಡುಪು, ಮುಖವಾಡ, ಕೈಗವಸು ತೊಡಿಸಿದಳು. ಮೂರು ಸ್ವೆಟರ್‌ಗಳ ಮೇಲೆ ಉಡುಪಿನ ಜಿಪ್ಪು ಏರಲಿಲ್ಲ.

"ಮದುವೇಲೂ ನಂಗೆ ಇಷ್ಟು ಬಿಳಿ ಬಟ್ಟೆ ಹಾಕಿರ್ಲಿಲ್ಲ," ಎಂದರು. ಒಂದೇ ಒಂದು ಏಟು ಹಾಕಿದರು. ನೊರ್ಮಾ ಅವರನ್ನು ಸುತ್ತ ಕಟ್ಟಿದ್ದ ಹಗ್ಗದ ಆಚೆ ಕರೆತಂದಳು, ಕೆಲಸಗಾರರು ನಿಧಾನವಾಗಿ ಅಗೆದರು.

ತೋಳುದ್ದ ಆಳದಲ್ಲಿ ಮೊದಲ ಪೀಪಾಯಿ ಕಂಡಿತು. ಕೆಂಪು ತಲೆಬುರುಡೆಯ ಗುರುತು ಮಾಸಿರಲಿಲ್ಲ. ಎರಡನೆಯದು ತೂತಾಗಿತ್ತು, ಮೂರನೆಯದರ ಬೆಸುಗೆ ಬಿಟ್ಟಿತ್ತು. ಒಂದೊಂದನ್ನೂ ಅದಕ್ಕಿಂತ ದೊಡ್ಡ ಹೊಸ ಪೀಪಾಯಿಯೊಳಗೆ ಇಳಿಸಿ, ಸುತ್ತ ತೇವ ಹೀರುವ ಒಣ ಜೇಡಿಪುಡಿ ತುಂಬಿ, ಮುಚ್ಚಳಕ್ಕೆ ಕಬ್ಬಿಣದ ಬಳೆ ಬಿಗಿದರು. ನಾಲ್ಕನೆಯದು ಇರಬೇಕಾದಲ್ಲಿ ತುಕ್ಕಿನ ಚೂರುಗಳಿದ್ದವು, ಬಿಳಿಚಿಕೊಂಡ ಹಸಿ ಮಣ್ಣಿತ್ತು. ಆ ಬಿಳುಪು ಇಳಿಜಾರಿಗುಂಟ ಒರತೆಯ ಕಡೆಗೇ ಹೋಗಿತ್ತು.

ಮಾವ ಹಗ್ಗದ ಮೇಲಿನಿಂದ ಗುಂಡಿಯತ್ತ ಬಾಗಿದರು.

"ಎಲೆ ತಿಂದಿದ್ದಾಳೆ, ಸಾರಾಯಿ ಕುಡಿದಿದ್ದಾಳೆ. ಇದನ್ನ ಮಾತ್ರ ಇಷ್ಟು ವರ್ಷ ಬಾಯಲ್ಲೇ ಇಟ್ಕೊಂಡಿದ್ದಾಳೆ, ನುಂಗೋಕೂ ಆಗ್ದೆ, ಉಗಿಯೋಕೂ ಆಗ್ದೆ."

ಮಣ್ಣು ಹತ್ತೊಂಬತ್ತು ದಪ್ಪ ಚೀಲ ತುಂಬಿತು. ಲಾರಿಯಲ್ಲಿ ಜಾಗ ಮುಗಿಯಿತು, ಮಣ್ಣು ಮುಗಿಯಲಿಲ್ಲ. ಗುಂಡಿಗೆ ಮಳೆನೀರು ಇಳಿಯದಂತೆ ದಪ್ಪ ತಾಡಪಾಲು ಹೊದಿಸಿದರು.

"ಉಳಿದಿದ್ದಕ್ಕೆ ಮತ್ತೆ ಬರ್ಬೇಕು," ಎಂದಳು ನೊರ್ಮಾ. "ಒರತೆ ಇವತ್ತೇ ಮುಚ್ಚಿಬಿಡಿ ಅಕ್ಕ. ಆಚೆ ಕಣಿವೆ ನೀರು ತಂದ್ಕೊಳ್ಳಿ, ಕಷ್ಟ ಆದ್ರೂ ಸರಿ."

ಲಾರಿಗೆ ವಿಷದ ಕಸ ಕೊಟ್ಟವರು ಯಾರೆಂದು ಬರೆಯುವ ಕಾಗದದಲ್ಲಿ ನನ್ನ ರುಜು ಬೇಕಿತ್ತು. ಮಾವ ಅದರ ಕೆಳಗೆ ತಮ್ಮ ಹೆಸರನ್ನೂ ಸತ್ತ ಗೆಳೆಯರಿಬ್ಬರ ಹೆಸರನ್ನೂ ಬರೆಸಿದರು. ನೊರ್ಮಾ ಬೇಡವೆನ್ನಲಿಲ್ಲ.

ನಾಲ್ಕೂಕಾಲಿಗೆ ಲಾರಿ ಹೊರಟಿತು. ನಾನು ಒರತೆಗೆ ಹೋಗಿ ಊರಿಗೆ ಬರುವ ಕೊಳವೆಯ ಬಾಯಿ ಮುಚ್ಚಿದೆ.

ಕೊಟ್ಟದ್ದನ್ನು ಹಿಂದಕ್ಕೆ ಕೇಳಿ, ಮಾವ ಭೂತಾಯಿಗೆ ಕೊಟ್ಟ ಮಾತು ಮುರಿದರು.