ಸರದಾರನ ತೂಕ

ಮದರಬಿಗೆ ನಾಯಿಯೆಂದರೆ ಅಷ್ಟಕ್ಕಷ್ಟೆ. ಅದು ಗಂಡನ ನಾಯಿ. ನರಗುಂದದ ಗುಡ್ಡದ ಬುಡದಲ್ಲಿ, ಪೇಟೆಗೆ ಹೋಗುವ ಓಣಿಯ ತಿರುವಿನಲ್ಲಿ ಗಂಡ ಮಹಮ್ಮದಸಾಬರ ಬೇಕರಿ, ಹಿಂದೆ ಮನೆ, ನಡುವಿನ ಹಿತ್ತಲಲ್ಲಿ ಭಟ್ಟಿ. ಭಟ್ಟಿಯ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಮಲಗುವುದು ಸರದಾರನೆಂಬ ಆ ನಾಯಿಯ ಹಕ್ಕು. ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದರ ಎಂಜಲು ಬಟ್ಟೆಗೆ ತಾಗಿದರೆ ತೊಳೆದುಕೊಳ್ಳದೆ ನಮಾಜಿಗೆ ನಿಲ್ಲುವ ಹಾಗಿಲ್ಲವಲ್ಲ. ಹಾಗಾಗಿ ಮದರಬಿ ಅದರಿಂದ ಒಂದು ಮಾರು ದೂರವೇ ಓಡಾಡುತ್ತಿದ್ದಳು. ಅದೂ ಅವಳ ತಂಟೆಗೆ ಬರುತ್ತಿರಲಿಲ್ಲ.

ಮುಧೋಳ ತಳಿಯ ಬೆರಕೆ ನಾಯಿ ಅದು. ಆ ಜಾತಿಯ ನಾಯಿಗಳು ಪಕ್ಕೆಲುಬು ಕಾಣುವಷ್ಟು ತೆಳ್ಳಗೆ, ಬಿಟ್ಟ ಬಾಣದಂತೆ ಓಡುವಂಥವು. ಸರದಾರ ಮಾತ್ರ ಆರೇಳು ವರ್ಷದಲ್ಲಿ ಸಣ್ಣ ಕರುವಿನಷ್ಟು ದಪ್ಪಗಾಗಿದ್ದ. ಉದ್ದ ಮೂತಿ, ಕಡ್ಡಿಯಂಥ ಕಾಲು, ನಡುವೆ ಚೀಲದಂಥ ಹೊಟ್ಟೆ. ಮಹಮ್ಮದಸಾಬ ಅದಕ್ಕೆ ಕೊಡದೆ ಒಂದು ತುತ್ತನ್ನೂ ಬಾಯಿಗೆ ಹಾಕಿದವರಲ್ಲ. ಮುರಿದ ಖಾರಿ, ಕರಕಾದ ಬನ್ನು, ಬೆಣ್ಣೆ ಸವರಿದ ಟೋಸ್ಟು, ತುಪ್ಪದಲ್ಲಿ ಮಿಂದ ನಾನಖಟಾಯಿ, ಎಲ್ಲದರಲ್ಲೂ ಅದಕ್ಕೆ ಪಾಲು. ಗಿರಾಕಿಗಳು ಕೂಡ "ಸಾಹುಕಾರ ಅಂದ್ರ ನೀನ ನೋಡಪಾ" ಎಂದು ಅದರ ಬೆನ್ನು ಚಪ್ಪರಿಸಿ ಹೋಗುತ್ತಿದ್ದರು.

ಎರಡು ಸಾವಿರದ ಆರನೇ ಇಸವಿಯ ಶ್ರಾವಣದ ಒಂದು ಮುಂಜಾನೆ ಗುಡ್ಡದಿಂದ ಇಳಿದ ಮಂಗವೊಂದು ಬೇಕರಿಯ ಕಟ್ಟೆಯ ಮೇಲಿಂದ ಬ್ರೆಡ್ಡಿನ ಪೊಟ್ಟಣ ಎತ್ತಿಕೊಂಡು ಓಡಿತು. ಸರದಾರ ಬೊಗಳುತ್ತ ಬೆನ್ನು ಹತ್ತಿದ. ಓಣಿಯ ಕೊನೆ ಮುಟ್ಟುವ ಮೊದಲೇ ಅವನ ಹಿಂಗಾಲು ತೊಡರಿದವು. ದೊಪ್ಪನೆ ಬಿದ್ದ. ಅಂಗಳ ಗುಡಿಸುತ್ತಿದ್ದ ಮದರಬಿ ಕಸಬರಿಗೆ ಬಿಟ್ಟು ಓಡಿ ಬಂದಾಗ ಅವನ ನಾಲಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯಂತೆ ನೀಲಿಗಟ್ಟಿತ್ತು. ಉಸಿರು ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು. ಮಾರು ದೂರದ ಲೆಕ್ಕವನ್ನು ಮದರಬಿ ಅಂದು ಮರೆತಳು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದಳು.

ಬ್ರೆಡ್ಡು ಹಂಚುವ ಆಟೋದಲ್ಲೇ ಸರದಾರನನ್ನು ದನದ ದವಾಖಾನೆಗೆ ಒಯ್ದರು. ಡಾಕ್ಟರ್ ಶಿವನಪ್ಪ ಅದರ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೊಟ್ಟೆ ಒತ್ತಿ ನೋಡಿದರು. ಒಸಡಿನ ಬಣ್ಣ ನೋಡಿದರು. ಒಂದು ಸೂಜಿ ಚುಚ್ಚಿ, ಕೈ ತೊಳೆದುಕೊಂಡು ಬಂದು ಹೇಳಿದರು.

"ನೋಡ್ರಿ ಸಾಹೇಬ್ರ, ದೇವರು ಇದಕ್ಕ ಇಪ್ಪತ್ತೈದು ಕಿಲೋ ಮೈ ಎಳ್ಯಾಕ ಗುಂಡಿಗಿ ಕೊಟ್ಟಾನ. ನೀವು ಅದರ ಮ್ಯಾಲ ಮತ್ತೊಂದು ನಾಯಿ ಭಾರ ಹೇರೀರಿ. ಗುಂಡಿಗಿ ದಣದೈತಿ. ಅದರೊಳಗಿನ ಪಡದಿ ಒಂದು ಸರಿಯಾಗಿ ಮುಚ್ಚವಲ್ದು, ರಕ್ತ ಸೋರೂ ಸಪ್ಪಳ ಕೇಳಸ್ತೈತಿ. ಗುಳಿಗಿ ಬರದ ಕೊಡ್ತೇನಿ. ಆದ್ರ ಬರೇ ಗುಳಿಗಿ ಮ್ಯಾಲ ಬದುಕೂದಿಲ್ಲ. ಮೈ ಇಳೀಬೇಕು."

"ನಾಳಿಂದ ಉಪವಾಸ ಕೆಡವಲೇನ್ರಿ?" ಮಹಮ್ಮದಸಾಬ ಕೇಳಿದರು.

"ಉಪವಾಸ ಅಲ್ಲ. ಹಂಗ ಕೆಡವಿದ್ರ ಕೊಬ್ಬಿನ ಜೋಡಿ ಶಕ್ತೀನೂ ಕರಗ್ತೈತಿ. ಹಿಟ್ಟು, ಬೆಣ್ಣಿ, ಸಕ್ಕರಿ ಬಂದ್. ಉಪ್ಪಂತೂ ಬ್ಯಾಡಽ ಬ್ಯಾಡ. ಉಪ್ಪು ತಿಂದ್ರ ಮೈಯಾಗ ನೀರ ನಿಲ್ತೈತಿ, ನೀರ ನಿಂತ್ರ ಗುಂಡಿಗಿಗೆ ಇನ್ನಷ್ಟು ಭಾರ. ತೊಗಲು ತಗದ ಕೋಳಿ ಕುದಿಸಿ ಹಾಕ್ರಿ, ಬೀನ್ಸು, ಗಜ್ಜರಿ ಹಾಕ್ರಿ. ಒಂದು ಚೂರು ರೊಟ್ಟಿ. ದಿನಾ ಸಾವಕಾಶ ಅಡ್ಡಾಡಸ್ರಿ. ಓಡಸಬ್ಯಾಡ್ರಿ, ಗುಡ್ಡ ಹತ್ತಸಬ್ಯಾಡ್ರಿ. ಮನ್ಯಾಗ ಇದಕ್ಕ ಉಣ್ಣಾಕ ಹಾಕೋರು ಯಾರು?"

ಮಹಮ್ಮದಸಾಬ, ಅರವತ್ತರ ಹತ್ತಿರದ ಗಂಡಸು, ತೋಳಿನಿಂದ ಕಣ್ಣೊರೆಸಿಕೊಂಡರು. ಮದರಬಿ ಗಂಡನನ್ನು ನೋಡಿದಳು, ಮೇಜಿನ ಮೇಲೆ ಏದುಸಿರು ಬಿಡುತ್ತಿದ್ದ ನಾಯಿಯನ್ನು ನೋಡಿದಳು.

"ಇದು ನಿಮ್ಮ ಕಡಿಂದ ಆಗೂದಿಲ್ರಿ," ಎಂದಳು. "ನಾ ಮಾಡ್ತೇನಿ. ಡಾಕ್ಟರ್ ಸಾಹೇಬ್ರ, ಇನ್ನಮ್ಯಾಲೆ ಏನ ಹೇಳೂದಿದ್ರೂ ನನ್ನ ಮುಂದ ಹೇಳ್ರಿ."

ಅವಳು ಒಮ್ಮೆ ಮಾಡುತ್ತೇನೆ ಎಂದರೆ ಓಣಿಗೆ ಓಣಿಯೇ ಸುಮ್ಮನಾಗುತ್ತಿತ್ತು. ಆದರೆ ಈ ಸಲದ ಕೆಲಸ ಅವಳಿಗೂ ಹೊಸದು. ದವಾಖಾನೆಯ ತೂಕದ ಯಂತ್ರ ಕೆಟ್ಟಿತ್ತು. ಹಾಗಾಗಿ ಪೇಟೆಯ ಅಂದಾನೆಪ್ಪನವರ ಕಾಳಿನ ಅಂಗಡಿಗೆ ಹೋಗಿ, ಚೀಲ ತೂಗುವ ಕಾಟಾದ ಮೇಲೆ ಸರದಾರನನ್ನು ನಿಲ್ಲಿಸಿದಳು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕ್ಕಾರ, ಕಡ್ಲಿನೋ ಗೋದಿನೋ?" ಎಂದು ಒಬ್ಬ ಕೇಳಿದ. ಮದರಬಿ ನಗಲಿಲ್ಲ. ನಲವತ್ತೆರಡು ಕಿಲೋ. ತಲೆಯಲ್ಲಿ ಗಟ್ಟಿ ಮಾಡಿಕೊಂಡು ಬಂದಳು.

ನಸುಕಿನ ನಮಾಜು ಮುಗಿಸಿ ಅವಳು ಒಂದು ಹಳೇ ಸೀರೆ ಉಟ್ಟುಕೊಳ್ಳುತ್ತಿದ್ದಳು. ಅದು ನಾಯಿಯ ಜೊತೆ ಹೋಗಲಿಕ್ಕೆಂದೇ ಎತ್ತಿಟ್ಟ ಸೀರೆ. ಸರಪಳಿ ಹಿಡಿದು ಕಾಲುವೆಯ ದಾರಿಗೆ ಹೊರಡುವಳು. ಮೊದಮೊದಲು ಸರದಾರ ಓಣಿ ದಾಟಿದ ಕೂಡಲೇ ಕೂತುಬಿಡುತ್ತಿದ್ದ. ಎಳೆದರೂ ಏಳುವವನಲ್ಲ. ಮದರಬಿ ಎಳೆಯುವುದನ್ನು ಬಿಟ್ಟು ತಾನೂ ಪಕ್ಕದ ಕಲ್ಲಿನ ಮೇಲೆ ಕೂತಳು. "ಕೂಡು. ನಂಗೇನ ಅವಸರಿಲ್ಲ. ಆದ್ರ ಮನಿ ಕಡೆ ಮಾತ್ರ ಹೊಳ್ಳೂದಿಲ್ಲ," ಎಂದಳು. ನಾಯಿ ಅವಳ ಮುಖ ನೋಡಿ, ಉಸಿರು ಸುಧಾರಿಸಿಕೊಂಡು, ಎದ್ದು ನಾಲ್ಕು ಹೆಜ್ಜೆ ಹಾಕಿತು. ಮತ್ತೆ ಕೂತಿತು. ಅವಳೂ ಕೂತಳು. ದಾರಿಯಲ್ಲಿ ಹೊಲಕ್ಕೆ ಹೋಗುವವರು ನಿಂತು ನೋಡಿದರು. ಎಮ್ಮೆ ಹೊಡೆದುಕೊಂಡು ಹೋಗುವ ಹೆಂಗಸರನ್ನು ಊರು ಕಂಡಿತ್ತು, ನಾಯಿ ಅಡ್ಡಾಡಿಸುವ ಹೆಂಗಸನ್ನು ಕಂಡಿರಲಿಲ್ಲ.

ನಾದಿನಿ ಗುಲ್ಷನ್ ಪಕ್ಕದ ಮನೆಯಲ್ಲೇ ಇದ್ದಳು. ಅವಳಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. "ಭಾಬಿ, ಮಂದಿ ಏನಂತಾರಂತ ವಿಚಾರ ಮಾಡಿಯೇನು? ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ನಾಯಿ ಹಿಡಕೊಂಡ ತಿರಗ್ತಿ!"

"ಉಸರ ಹಿಡಕೊಂಡ ಒದ್ದಾಡೂ ಜೀವಕ್ಕ ನೀರ ಕೊಡಬ್ಯಾಡ ಅಂತ ನಮ್ಮ ದೀನು-ಧರ್ಮ ಹೇಳೂದಿಲ್ಲ," ಎಂದಳು ಮದರಬಿ. "ಬಟ್ಟಿ ತೊಳಕೋತೇನಿ, ನಮಾಜು ಮಾಡ್ತೇನಿ. ಮಂದಿ ಅನ್ನೂದು ಮಂದಿಗೆ ಬಿಟ್ಟದ್ದು."

ತಿಂಗಳು ಕಳೆದ ಮೇಲೆ ಮತ್ತೆ ಅಂದಾನೆಪ್ಪನವರ ಕಾಟಾ ಹತ್ತಿಸಿದಳು. ಮುಳ್ಳು ಹೋದ ಸಲದ ಜಾಗ ಬಿಟ್ಟು ಕದಲಿರಲಿಲ್ಲ. ಮದರಬಿ ಲೆಕ್ಕ ಹಾಕಿದಳು. ಅಳೆದು ಹಾಕಿದ ಕೋಳಿ, ಅಳೆದು ಹಾಕಿದ ರೊಟ್ಟಿ, ದಿನಾ ನಡಿಗೆ. ಇಷ್ಟಾದ ಮೇಲೂ ಹೇಗೆ?

ಮರುದಿನ ಮಧ್ಯಾಹ್ನ ಸರದಾರ ಎಂದಿನಂತೆ ಪೇಟೆಯತ್ತ ಹೊರಟಾಗ ಅವಳು ಸೆರಗು ತಲೆಗೆಳೆದುಕೊಂಡು ಹಿಂದೆಯೇ ಹೋದಳು. ಸರದಾರ ಮೊದಲು ಟಿಪ್ಪುಸಾಬನ ಮಿರ್ಚಿ ಭಜಿ ಗಾಡಿಯ ಮುಂದೆ ಕೂತ. ಕೇಳಬೇಕಾಗಿಯೇ ಇರಲಿಲ್ಲ, ಎರಡು ಬಿಸಿ ಮಿರ್ಚಿ ಆರಿಸಿ ಹಾಕಿದ ಟಿಪ್ಪುಸಾಬ. ಅಲ್ಲಿಂದ ಚಹಾದ ಅಂಗಡಿ, ಅಲ್ಲಿ ಬಿಸ್ಕೀಟು. ಅಲ್ಲಿಂದ ಹಮಾಲರ ಬುತ್ತಿಯ ಪಂಕ್ತಿ, ಒಬ್ಬೊಬ್ಬರದೂ ಒಂದೊಂದು ತುಣುಕು. ಕೊನೆಗೆ ಅಂದಾನೆಪ್ಪನವರ ಗಾದಿಯ ಪಕ್ಕ, ಬೆಲ್ಲದ ಹರಳು. ನಗುತ್ತ ಕಾಟಾದ ಮುಳ್ಳು ನೋಡಿದ್ದ ಮನುಷ್ಯನೇ ತನ್ನ ಕೈಯಾರೆ ಬೆಲ್ಲ ತಿನ್ನಿಸುತ್ತಿದ್ದ! ತಿಂಡಿಗಾಗಿ ಬೇಡುವ ನಾಯಿಯಾಗಿರಲಿಲ್ಲ ಅದು, ಕರ ವಸೂಲಿಗೆ ಹೊರಟ ಸರದಾರನೇ ಆಗಿತ್ತು.

ಮದರಬಿ ಅಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ಇದರ ಮ್ಯಾಲ ನಿಮಗ ಪ್ರೀತಿ ಐತಿ ಅಂತ ಗೊತ್ತೈತ್ರಿ. ಆದ್ರ ನೀವು ಬೆಲ್ಲ ಕೊಡಾಕತ್ತಿಲ್ಲ, ವಿಷ ಕೊಡಾಕತ್ತೀರಿ. ಅದು ಬಿದ್ದಾಗ ಅದರ ನಾಲಿಗಿ ಬಣ್ಣ ನೀವು ನೋಡಿಲ್ಲ, ನಾ ನೋಡೇನಿ."

ಅಂದಾನೆಪ್ಪ ಪೆಚ್ಚಾದರು. "ಹಂಗಲ್ರಿ ಅಕ್ಕಾರ. ಬಾಗಲಾಗ ಬಂದ ನಿಂತಿದ್ದಕ್ಕ ಹ್ಯಾಂಗ ಹಂಗ ಕಳಸೂದು?"

ಆ ಮಾತು ಅವಳ ತಲೆಯಲ್ಲಿ ಉಳಿಯಿತು. ಖರೇ, ಅವರಿಗೆ ಕೊಡುವ ಸುಖ ಬೇಕು. ಕಸಿದುಕೊಂಡರೆ ಕದ್ದು ಕೊಡುತ್ತಾರೆ. ಮರುದಿನದಿಂದ ಅವಳು ಸೌತೆಕಾಯಿ, ಗಜ್ಜರಿ ಹೆಚ್ಚಿ, ಅಂಗಡಿಗೊಂದು ಪೊಟ್ಟಣದಂತೆ ಹಂಚಿ ಬಂದಳು. "ಕೊಡ್ರಿ. ಆದ್ರ ಇದನ್ನ ಕೊಡ್ರಿ." ಸರದಾರ ಮೊದಲ ದಿನ ಮೂಸಿ ನೋಡಿ ಮುಖ ತಿರುಗಿಸಿದ. ಟಿಪ್ಪುಸಾಬನ ಮುಂದೆ ಸಂಜೆಯ ತನಕ ಕೂತರೂ ಮಿರ್ಚಿ ಬೀಳಲಿಲ್ಲ. ವಾರದೊಳಗೆ ಸೌತೆಕಾಯಿ ಕರುಂಕುರುಂ ಎಂದು ಕಡಿಯತೊಡಗಿದ. ಹಮಾಲರಿಗೆ ಅದೇ ಒಂದು ಮೋಜಾಯಿತು.

ಇನ್ನು ಉಳಿದದ್ದು ಮನೆಯೊಳಗಿನ ಕಳ್ಳ. ಒಂದು ಬೆಳಿಗ್ಗೆ ನಡಿಗೆಯಿಂದ ಬಂದು ಬಟ್ಟೆ ಬದಲಿಸಿ ಹಿತ್ತಲಿಗೆ ಬಂದರೆ ಮಹಮ್ಮದಸಾಬ ಭಟ್ಟಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲಿ ನಾನಖಟಾಯಿ ಹಿಡಿದಿದ್ದರು. ಹೆಂಡತಿಯನ್ನು ಕಂಡು ಮುಷ್ಟಿ ಮುಚ್ಚಿದರು.

ಮದರಬಿ ಬೈಯಲಿಲ್ಲ. ಹತ್ತಿರ ಹೋಗಿ ಗಂಡನ ಇನ್ನೊಂದು ಕೈ ಹಿಡಿದು ನಾಯಿಯ ಪಕ್ಕೆಯ ಮೇಲೆ, ಮುಂಗಾಲಿನ ಹಿಂದೆ, ಒತ್ತಿಟ್ಟಳು. ಅಂಗೈಯ ಕೆಳಗೆ ಗುಂಡಿಗೆ ಹೊಡೆದುಕೊಳ್ಳುತ್ತಿತ್ತು. ಒಂದು ಬಡಿತ ಜೋರು, ಒಂದು ಮೆತ್ತಗೆ, ನಡುವೆ ಏನೋ ಸೋರಿದಂತೆ.

"ಸುಮ್ಮನ ಕುಂತ ನಾಯಿದು ಹಿಂಗ ಹೊಡಕೋತೈತೇನ್ರಿ?"

ಮಹಮ್ಮದಸಾಬ ಕೈ ತೆಗೆಯಲಿಲ್ಲ. "ಅದು ನನ್ನ ಮಾರಿ ನೋಡ್ತೈತಿ, ಮದರಬಿ. ಆವಾಗ ನಾ ಏನ ಮಾಡ್ಲಿ?" ಎಂದರು.

"ಆವಾಗ ನೀವು ನನ್ನ ಮಾರಿ ನೋಡ್ರಿ."

ಮಹಮ್ಮದಸಾಬ ಅಳುತ್ತಲೇ ನಕ್ಕುಬಿಟ್ಟರು. ನಾನಖಟಾಯಿಯನ್ನು ತಾವೇ ತಿಂದರು. ಅಂದಿನಿಂದ ಭಟ್ಟಿ ಹೊತ್ತಿಸುವ ಮೊದಲು ನಾಯಿಯನ್ನು ಹಿತ್ತಲಿಂದ ದೂರ, ಅಂಗಳದಲ್ಲಿ ಕಟ್ಟಿ ಬರುವುದು ಅವರದೇ ಕೆಲಸವಾಯಿತು.

ರಮಜಾನ್ ಬಂತು. ಮದರಬಿ ರೋಜಾದ ಉಪವಾಸ ಹಿಡಿದುಕೊಂಡೇ ನಡೆದಳು, ಒಂದು ದಿನವೂ ತಪ್ಪಿಸಲಿಲ್ಲ. ಕಾಟಾದ ಮುಳ್ಳು ಅಷ್ಟಷ್ಟೇ ಕೆಳಗಿಳಿಯಿತು. ಸರದಾರ ಈಗ ಕಾಲುವೆಯ ಸೇತುವೆಯ ತನಕ ಕೂಡದೆ ಹೋಗುತ್ತಿದ್ದ. ಕುತ್ತಿಗೆಯ ಮಡಿಕೆಗಳು ಕರಗಿ ಅಗಸೆ ನಾರಿನಂಥ ನರಗಳು ಕಂಡವು. ಎಲ್ಲ ಸುಸೂತ್ರ ಎನ್ನುವಾಗಲೇ ಬಕ್ರೀದ್ ಬಂತು. ಮನೆ ತುಂಬ ಬೀಗರು. ಯಾರು ಹಾಕಿದರೋ, ಎಷ್ಟು ಮಂದಿ ಹಾಕಿದರೋ, ಉಪ್ಪು ಮಸಾಲೆಯ ಮಾಂಸ, ಕೊಬ್ಬು. ಮರುದಿನ ಸರದಾರನಿಗೆ ಮಲಗಲಿಕ್ಕೇ ಆಗಲಿಲ್ಲ. ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ, ನಿಂತೇ ಕೆಮ್ಮಿದ.

ಶಿವನಪ್ಪ ಮನೆಗೇ ಬಂದು ಸೂಜಿ ಹಾಕಿದರು. ಎದೆಯಲ್ಲಿ ನೀರು ಸೇರಿತ್ತು. "ಇವತ್ತೊಂದಿನ ದಾಟಬೇಕು," ಎಂದಷ್ಟೇ ಹೇಳಿದರು.

ನೋಡಲು ಬಂದ ಅಂದಾನೆಪ್ಪ ಕಟ್ಟೆಯ ಮೇಲೆ ಕೂತು ನಿಟ್ಟುಸಿರಿಟ್ಟರು. "ಭಾಳ ಮಾಡಿದ್ರಿ ಅಕ್ಕಾರ. ಇನ್ನ ಬಿಡ್ರಿ. ಎಷ್ಟ ದಿನಾ ಇರ್ತೈತೋ ಇರಲಿ. ತಿಂದು ಸುಖಾ ಪಡ್ಲಿ."

"ಸುಖಾ?" ಮದರಬಿ ನಾಯಿಯತ್ತ ಕೈ ತೋರಿಸಿದಳು. "ನಿನ್ನಿ ತಿಂದದ್ದರ ಸುಖಾ ಇದಽ ನೋಡ್ರಿ. ನಾ ಬಿಡೂದಿಲ್ರಿ. ಅದು ಬಿಟ್ರ ಬಿಡಲಿ."

ಇಡೀ ದಿನ ಅವಳು ಅದರ ಪಕ್ಕ ಕೂತಳು. ಸೂಜಿಯ ಗುಣಕ್ಕೆ ನಾಯಿ ಮೇಲಿಂದ ಮೇಲೆ ಮೂತ್ರ ಮಾಡಿತು. ಅವಳು ಮೇಲಿಂದ ಮೇಲೆ ನೆಲ ತೊಳೆದಳು. ಗುಲ್ಷನ್ ತನ್ನ ಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು, ಮತ್ತೆ ಬಂದಳು. ಕೊನೆಗೆ ಒಂದು ಕೊಡ ನೀರು ತಂದಿಟ್ಟು, "ನೀ ಉಣ್ಣಹೋಗು ಭಾಬಿ, ನಾ ಕೂಡತೇನಿ," ಎಂದಳು. ಸಂಜೆಗೆ ಸರದಾರ ಮೊದಲ ಸಲ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿದ.

ಎಂಟು ದಿನದ ಮೇಲೆ ನಡಿಗೆ, ಓಣಿಯ ಕೊನೆಯ ತನಕ ಮಾತ್ರ. ಆಮೇಲೆ ಮೊದಲು ಕೂತಿದ್ದ ಕಲ್ಲಿನ ತನಕ. ಮೊದಲಿನಿಂದ ಎಲ್ಲ ಮತ್ತೆ ಶುರು. ಮದರಬಿ ಬೇಸರ ಮಾಡಿಕೊಳ್ಳಲಿಲ್ಲ, ಅಥವಾ ಮಾಡಿಕೊಂಡರೂ ಅದನ್ನು ನಡೆಯುತ್ತಲೇ ಮಾಡಿಕೊಂಡಳು. ಯುಗಾದಿಯ ಹೊತ್ತಿಗೆ ಮುಳ್ಳು ಮೂವತ್ತರ ಕೆಳಗೆ ಬಂತು. ಹಮಾಲರು ಚಪ್ಪಾಳೆ ತಟ್ಟಿದರು. ಶಿವನಪ್ಪ ಕೊಳವೆ ಇಟ್ಟು ಕೇಳಿ, ಉಳ್ಳಾಗಡ್ಡಿಯ ಸಿಪ್ಪೆ ಸುಲಿದಷ್ಟು ಜಾಗ್ರತೆಯಿಂದ ಮಾತು ಹೇಳಿದರು. "ಸಪ್ಪಳ ಹೋಗಿಲ್ಲ, ಹೋಗೂದೂ ಇಲ್ಲ. ಗುಳಿಗಿ ಸಾಯೂತನಕಾ ತಪ್ಪಿದ್ದಲ್ಲ. ಆದ್ರ ಗುಂಡಿಗಿ ಈಗ ದಣಿದಂಗ ಕೇಳಸೂದಿಲ್ಲ. ಇನ್ನೊಂದಿಷ್ಟು ವರ್ಷ ಇರ್ತೈತಿ, ಅಕ್ಕಾರ."

ಮಳೆಗಾಲದ ಒಂದು ದಿನ ಡಾಕ್ಟರರು ಬೆಳವಣಕಿಯ ಮುತ್ತಣ್ಣ ಎಂಬ ಜಮೀನುದಾರನನ್ನು ಬೇಕರಿಗೆ ಕಳಿಸಿದರು. ಜೀಪಿನ ಹಿಂದಿನ ಸೀಟಿನ ತುಂಬ ಒಂದು ಆಲ್ಸೇಷಿಯನ್ ನಾಯಿ ಹರಡಿಕೊಂಡಿತ್ತು. ಇಳಿಯಲಿಕ್ಕೂ ಒಲ್ಲೆನ್ನುತ್ತ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು.

"ಡಾಕ್ಟರು ನಿಮ್ಮನ್ನ ಕೇಳು ಅಂದ್ರು. ಇದಕ್ಕ ಏನ ಹಾಕಬೇಕು, ಏನ ಬಿಡಬೇಕು, ಅಷ್ಟು ಹೇಳ್ರಿ," ಎಂದ ಮುತ್ತಣ್ಣ.

ಮದರಬಿ ಜೀಪಿನೊಳಗೆ ಬಗ್ಗಿ, ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಳು. ಆಮೇಲೆ ಕೇಳಿದಳು.

"ನಿಮ್ಮ ಮನ್ಯಾಗ ಇದರ ಮ್ಯಾಲ ಭಾಳ ಜೀವ ಇಟ್ಟಾವ್ರು ಯಾರು?"

"ನಮ್ಮವ್ವ ರೀ. ತಾನು ಉಣ್ಣೂ ಗಂಗಾಳದಾಗಿಂದಽ ತಗದ ಹಾಕ್ತಾಳ."

"ಹಂಗಾರ ನಾಯಿನ್ನ ಆಮ್ಯಾಲ ನೋಡೋಣು," ಎಂದಳು ಮದರಬಿ. "ಮೊದಲ ನಿಮ್ಮವ್ವನ್ನ ಕರಕೊಂಡ ಬರ್ರಿ."